‘ಎಕ್ಸ್‌ಟ್ರಾ ಬೇಸ್’ ಇಯರ್‌ಫೋನಿನಲ್ಲಿ ಬೇಸೇ ಇಲ್ಲ, ಯಾಕೆ?

ಪ್ರಶ್ನೆ: ಮೇಡಂ, ನಮಸ್ತೆ. ನೀವು ಸೌಂಡ್ ಇಂಜಿನಿಯರ್ ಅಂತ ಗೊತ್ತಾಗಿ ಕೇಳುತ್ತಿದ್ದೇನೆ. ಕಡಿಮೆ ದುಡ್ಡಿನಲ್ಲಿ, ಕಿವಿಯೊಳಗೆ ಕೂರುವಂಥ ಒಂದು ವೈರ್ ಇಯರ್‌ಫೋನ್ ಬೇಕು. ನಾನು ಕೇಳುವುದು ಹಳೆಯ ಸಿನಿಮಾ ಹಾಡು, ಕೊಳಲು, ಪಿಟೀಲು. ಅದೂ ರಾತ್ರಿ ಮಲಗುವ ಮುಂಚೆ, ಸಣ್ಣ ದನಿಯಲ್ಲಿ. ಹೋದ ತಿಂಗಳು ಒಂದು ಕೊಂಡೆ. ಡಬ್ಬಿ ಮೇಲೆ ‘ಎಕ್ಸ್‌ಟ್ರಾ ಬೇಸ್’ ಅಂತಿತ್ತು. ನನಗೆ ಬೇಸೇ ಕೇಳಿಸುವುದಿಲ್ಲ, ಗಾಯಕಿಯರ ದನಿ ಮಾತ್ರ ಸೂಜಿಯ ಹಾಗೆ ಚುಚ್ಚುತ್ತದೆ. ತಮ್ಮನ ಕೈಗೆ ಕೊಟ್ಟರೆ ‘ಬೇಸ್ ಸೂಪರ್ ಅಕ್ಕಾ’ ಅಂತಾನೆ. ಯಾರ ಕಿವಿ ಕೆಟ್ಟಿದೆ? ಈಗ ನಾಲ್ಕು ಡ್ರೈವರ್ ಇರುವ ಇನ್ನೊಂದನ್ನು ನೋಡಿಟ್ಟಿದ್ದೇನೆ. ತೊಗೊಳ್ಳಲಾ?

ಉತ್ತರ: ಸ್ವಲ್ಪ ತಡೀರಿ, ಈಗಲೇ ತೊಗೋಬೇಡಿ. ಇಬ್ಬರ ಕಿವಿಯೂ ಚೆನ್ನಾಗೇ ಇವೆ, ಆದರೆ ಅಳತೆ ಬೇರೆ ಬೇರೆ.

ಒಂದು ಪರೀಕ್ಷೆ ಮಾಡಿ. ಹಾಡು ಹಾಕಿಕೊಂಡು ಎರಡೂ ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ ಹಿಡಿಯಿರಿ. ತಟ್ಟನೆ ಬೇಸ್ ತುಂಬಿಕೊಂಡರೆ ತಪ್ಪು ಇಯರ್‌ಫೋನಿನದಲ್ಲ, ಅದರ ತುದಿಯ ರಬ್ಬರ್ ಟಿಪ್ಸಿನದು. ಒಳಗಿರುವ ಡ್ರೈವರ್, ಅಂದರೆ ಸದ್ದು ಹುಟ್ಟಿಸುವ ಸ್ಪೀಕರ್, ತೀರಾ ಚಿಕ್ಕದು. ಕಿವಿಯ ನಾಳದಲ್ಲಿ ಮುಚ್ಚಿಕೊಂಡಿರುವ ಚೂರು ಗಾಳಿಯನ್ನು ಒತ್ತಿ, ಎಳೆದು ಅದು ಬೇಸ್ ಹುಟ್ಟಿಸಬೇಕು. ಟಿಪ್ಸ್ ಪಕ್ಕ ಕೂದಲೆಳೆಯಷ್ಟು ಸಂದು ಇದ್ದರೂ ಆ ಒತ್ತಡ ಹೊರಗೆ ಹೋಗುತ್ತದೆ. ಟ್ರೆಬಲ್‌ಗೆ, ಅಂದರೆ ಮೇಲಿನ ಚೂಪು ದನಿಗೆ, ಹಾಗೆ ಆಗುವುದಿಲ್ಲ, ಅದು ಪೂರ್ತಿ ಬರುತ್ತದೆ. ಕೆಳಗಿನ ಆಸರೆ ತಪ್ಪಿದ ಮೇಲೆ ಉಳಿಯುವುದು ನೀವು ಹೇಳುವ ಸೂಜಿ ಮಾತ್ರ.

ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ಟಿಪ್ಸ್ ಇರುತ್ತವೆ. ತುಂಬಾ ಜನ ಅದನ್ನು ಬಿಚ್ಚುವುದೇ ಇಲ್ಲ! ದೊಡ್ಡದನ್ನೂ ಹಾಕಿ ನೋಡಿ. ಎರಡು ಕಿವಿಯ ನಾಳ ಒಂದೇ ಅಳತೆ ಇರಬೇಕು ಅಂತೇನಿಲ್ಲ, ಆದ್ದರಿಂದ ಬಲಕ್ಕೆ ಒಂದು, ಎಡಕ್ಕೆ ಒಂದು ಹಾಕಿಕೊಂಡರೆ ತಪ್ಪಿಲ್ಲ. ಹಾಕುವಾಗ ಇನ್ನೊಂದು ಕೈಯಿಂದ ಕಿವಿಯನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆದುಕೊಳ್ಳಿ. ನಾಳ ನೇರವಾಗಿ ಟಿಪ್ಸ್ ಸರಿಯಾಗಿ ಕೂರುತ್ತದೆ. ಸಿಲಿಕೋನ್ ಯಾವುದೂ ಹಿಡಿಯದಿದ್ದರೆ ಫೋಮ್ ಟಿಪ್ಸ್ ಬಿಡಿಯಾಗಿ ಸಿಗುತ್ತವೆ. ಬೆರಳಲ್ಲಿ ಹಿಸುಕಿ ಒಳಗಿಟ್ಟು, ಅದು ಉಬ್ಬುವ ತನಕ ಹಿಡಿದುಕೊಳ್ಳಬೇಕು. ಬೇಗ ಹಾಳಾಗುತ್ತವೆ, ನಿಜ. ಆದರೆ ಟ್ರೆಬಲ್ ಸ್ವಲ್ಪ ಮೆತ್ತಗಾಗುತ್ತದೆ, ನಿಮಗೆ ಅದು ಲಾಭವೇ.

ಇನ್ನು ನೀವು ಸಣ್ಣ ದನಿಯಲ್ಲಿ ಕೇಳುತ್ತೀರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ವಾಲ್ಯೂಮ್ ಇಳಿಸುತ್ತಾ ಹೋದ ಹಾಗೆ ನಮ್ಮ ಕಿವಿಗೆ ಬೇಸ್ ಬಹಳ ಬೇಗ ಮಂಕಾಗುತ್ತದೆ, ನಡುವಿನ ದನಿ ಅಷ್ಟು ಬೇಗ ಮಂಕಾಗುವುದಿಲ್ಲ. ತಮ್ಮ ಜೋರಾಗಿ ಕೇಳುತ್ತಾನೆ ಅಂತ ಕಾಣುತ್ತದೆ, ಅಲ್ವಾ? ಅದೇ ಹಾಡು, ಅದೇ ಇಯರ್‌ಫೋನ್, ಆದರೂ ಅವನಿಗೆ ಬೇಸ್ ಜಾಸ್ತಿ. ರಾತ್ರಿ ಮೆಲ್ಲಗೆ ಕೇಳುವವರು ಬೇಸ್ ತುಸು ಮೇಲಿರುವುದನ್ನೇ ಆರಿಸಬೇಕು. ಅದೇನು ರುಚಿಗೇಡಿತನ ಅಲ್ಲ.

ಹೊಸದೇ ಬೇಕಾದರೆ ರಿವ್ಯೂಗಳಲ್ಲಿ ‘ವಾರ್ಮ್’ ಎಂಬ ಮಾತನ್ನು ಹುಡುಕಿ. ಬೇಸ್ ಸ್ವಲ್ಪ ದಪ್ಪ, ಟ್ರೆಬಲ್ ಮೆತ್ತಗೆ ಎಂದು ಅರ್ಥ. ‘ವಿ ಶೇಪ್’ ಅಂದರೆ ಬೇಸ್ ಮತ್ತು ಟ್ರೆಬಲ್ ಎರಡನ್ನೂ ಎತ್ತಿ ನಡುವನ್ನು ತಗ್ಗಿಸಿದ್ದು. ಹಾಡುವವರ ದನಿ, ಕೊಳಲು, ಪಿಟೀಲಿನ ಸಾರವೆಲ್ಲ ಹೆಚ್ಚುಕಡಿಮೆ 200ರಿಂದ 4,000 ಹರ್ಟ್ಸ್ (ದನಿ ಎಷ್ಟು ಕೆಳಗಿದೆ, ಎಷ್ಟು ಮೇಲಿದೆ ಎಂಬುದರ ಅಳತೆ) ಒಳಗಿದೆ. ವಿ ಶೇಪಿನಲ್ಲಿ ತಗ್ಗುವುದೂ ಅದೇ ಜಾಗ. ಗಾಯಕಿ ವೇದಿಕೆಯ ಹಿಂದೆ ನಿಂತು ಹಾಡಿದ ಹಾಗಿರುತ್ತದೆ. ‘ಬ್ರೈಟ್’ ಅಂದಿದ್ದರ ಹತ್ತಿರ ನೀವು ಹೋಗಲೇಬೇಡಿ. ‘ಸ’, ‘ಶ’ ಚುಚ್ಚುವುದು 5,000ದಿಂದ 9,000 ಹರ್ಟ್ಸ್ ಆಸುಪಾಸಿನಲ್ಲಿ. ಹಳೆಯ ರೆಕಾರ್ಡಿಂಗಿನ ಸುಯ್ ಸದ್ದೂ ಬ್ರೈಟ್ ಇಯರ್‌ಫೋನಿನಲ್ಲಿ ಎದ್ದು ಕೇಳುತ್ತದೆ.

ನಾಲ್ಕು ಡ್ರೈವರ್ ವಿಷಯ. ಒಂದು ಹಾಡಿನ ಒಂದೊಂದು ಸಾಲನ್ನು ನಾಲ್ಕು ಜನರಿಗೆ ಹಂಚಿದ ಹಾಗೆ ಅದು. ನಾಲ್ವರ ಶ್ರುತಿ ಕೂಡಿಸಲು ಕೆಲಸ ಇದೆ, ಕಡಿಮೆ ಬೆಲೆಯಲ್ಲಿ ಆ ಕೆಲಸಕ್ಕೇ ಕತ್ತರಿ ಬೀಳುವುದು. ಒಂದೇ ಡೈನಾಮಿಕ್ ಡ್ರೈವರ್ (ಮಾಮೂಲಿ ಥರದ ಡ್ರೈವರ್) ಇದ್ದು, ಅದನ್ನು ಚೆನ್ನಾಗಿ ಟ್ಯೂನ್ ಮಾಡಿದ್ದರೆ ಸಾಕು. ಡಬ್ಬಿ ಮೇಲಿನ ‘20 ಹರ್ಟ್ಸ್‌ನಿಂದ 20,000 ಹರ್ಟ್ಸ್’ ನೋಡಿಯೂ ಮೋಸ ಹೋಗಬೇಡಿ. ಮನುಷ್ಯರ ಕಿವಿಗೆ ಕೇಳುವುದೇ ಸುಮಾರು ಅಷ್ಟು. ಎಲ್ಲಿ ಎಷ್ಟು ಜೋರು ಎಂದು ಅದರಲ್ಲಿ ಹೇಳಿರುವುದಿಲ್ಲ.

ಪ್ರಶ್ನೆ (ಇನ್ನೊಬ್ಬರು): ಅವರಿಗೆ ಉಲ್ಟಾ ನಾನು. ಓಡುವಾಗ ಎಲೆಕ್ಟ್ರಾನಿಕ್ ಮ್ಯೂಸಿಕ್ ಕೇಳುತ್ತೇನೆ, ಎದೆ ನಡುಗಬೇಕು. ವಿ ಶೇಪ್ ತಪ್ಪಾ? ಮತ್ತೆ 16 ಓಮ್, 32 ಓಮ್ ಅಂತಾರೆ. ಆಂಪ್ ಬೇಕಾಗುತ್ತಾ?

ಉತ್ತರ: ತಪ್ಪೇನಿಲ್ಲ, ಧಾರಾಳವಾಗಿ ತೊಗೊಳ್ಳಿ. ಒಂದು ವ್ಯತ್ಯಾಸ ಮಾತ್ರ ನೋಡಿಕೊಳ್ಳಿ. ನಡುಕ ಬರುವುದು 60 ಹರ್ಟ್ಸಿಗಿಂತ ಕೆಳಗಿನ ಸಬ್ ಬೇಸಿನಿಂದ. 100ರಿಂದ 250ರ ನಡುವೆ ಎತ್ತಿದ್ದರೆ ಕೊಡದೊಳಗಿಂದ ಮಾತಾಡಿದ ಹಾಗೆ ಗುಂಯ್ ಅನ್ನುತ್ತದೆ. ಕಡಿಮೆ ಬೆಲೆಯ ಎಷ್ಟೋ ಇಯರ್‌ಫೋನುಗಳ ‘ಎಕ್ಸ್‌ಟ್ರಾ’ ಇರುವುದು ಇಲ್ಲೇ.

ಆಂಪ್, ಅಂದರೆ ಸದ್ದಿಗೆ ಬಲ ಕೊಡುವ ಬೇರೆ ಪೆಟ್ಟಿಗೆ, ಬೇಡ. ಓಮ್ ಅಂದರೆ ವಿದ್ಯುತ್ತಿಗೆ ಇಯರ್‌ಫೋನ್ ಒಡ್ಡುವ ತಡೆ. ಅದಕ್ಕಿಂತ ಸೆನ್ಸಿಟಿವಿಟಿ ನೋಡಿ, ಅಂದರೆ ಅಷ್ಟೇ ವಿದ್ಯುತ್ತಿಗೆ ಎಷ್ಟು ಜೋರಾಗಿ ಸದ್ದು ಬರುತ್ತದೆ ಎಂಬುದು. 100 ಡೆಸಿಬಲ್ ಆಸುಪಾಸು ಇದ್ದರೆ ಫೋನೇ ಸಾಕು. ಸಾಕು ಅಂದರೆ ಜಾಸ್ತಿಯೇ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿರುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಅಲ್ಲಿಂದ 3 ಡೆಸಿಬಲ್ ಏರಿಸಿದರೆ ಸಮಯ ಅರ್ಧ ಆಗುತ್ತದೆ. ಟಿಪ್ಸ್ ಗಟ್ಟಿಯಾಗಿ ಕೂತರೆ ಹೊರಗಿನ ಗದ್ದಲ ತಗ್ಗುತ್ತದೆ, ವಾಲ್ಯೂಮ್ ಏರಿಸುವುದೂ ತಪ್ಪುತ್ತದೆ. ಆದರೆ ವಾಹನ ಓಡಾಡುವ ರಸ್ತೆಯಲ್ಲಿ ಓಡುವುದಾದರೆ ಒಂದು ಕಿವಿ ಬಿಟ್ಟುಬಿಡಿ.

ಪ್ರಶ್ನೆ (ಮತ್ತೊಬ್ಬರು): ನನ್ನ ಫೋನಿನಲ್ಲಿ 3.5 ಎಂಎಂ ತೂತೇ ಇಲ್ಲ. ಟೈಪ್ ಸಿ ಕನ್ವರ್ಟರ್ ತಂದರೆ ಸದ್ದೇ ಬರಲಿಲ್ಲ. ಬ್ಲೂಟೂತ್‌ಗೇ ಹೋಗಲಾ?

ಉತ್ತರ: ನೀವು ತಂದಿರುವುದು ಬರೀ ವೈರ್ ಜೋಡಿಸುವ ಕನ್ವರ್ಟರ್ ಇರಬೇಕು. ಟೈಪ್ ಸಿ ಮೂಲಕ ನೇರವಾಗಿ ಅನಲಾಗ್ ಸದ್ದು ಬಿಡುವ ಫೋನುಗಳಿಗೆ ಮಾತ್ರ ಅದು ನಡೆಯುತ್ತದೆ. ‘ಡ್ಯಾಕ್’ (ಡಿಜಿಟಲ್ ಸಂಕೇತವನ್ನು ಅನಲಾಗ್ ಸದ್ದಾಗಿಸುವ ಚಿಪ್) ಒಳಗೇ ಇರುವುದನ್ನು ಕೇಳಿ ತನ್ನಿ. ನೋಡಲು ಎರಡೂ ಒಂದೇ ಥರ, ನಾನೂ ಒಮ್ಮೆ ಮೋಸ ಹೋಗಿದ್ದೇನೆ.

ಬ್ಲೂಟೂತ್ ಅನುಕೂಲವೇ. ಆದರೆ ಅದೇ ದುಡ್ಡಿನಲ್ಲಿ ಬ್ಯಾಟರಿ, ಚಿಪ್, ಚಾರ್ಜ್ ಮಾಡುವ ಡಬ್ಬಿ ಎಲ್ಲಾ ಬರಬೇಕು, ಡ್ರೈವರ್ ಪಾಲಿಗೆ ಉಳಿಯುವುದು ಕಡಿಮೆ. ಎಲ್‌ಡ್ಯಾಕ್ (ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ಒಂದು ವಿಧಾನ) ಇದೆ ಅಂತ ಜಾಸ್ತಿ ಕೊಡುವ ಮುಂಚೆ ನಿಮ್ಮ ಫೋನಿನಲ್ಲೂ ಅದು ಇದೆಯಾ ನೋಡಿ. ಐಫೋನಿನಲ್ಲಿ ಇಲ್ಲ, ಅಲ್ಲಿ ಎಎಸಿ ಎಂಬ ಇನ್ನೊಂದು ವಿಧಾನ ಇದ್ದರೆ ಸಾಕು. ಗೇಮ್ ಆಡುವವರಾದರೆ ವೈರೇ ವಾಸಿ, ಸದ್ದು ತಡವಾಗುವುದಿಲ್ಲ.

ಪ್ರಶ್ನೆ (ಅವರೇ): ನೂರು ಗಂಟೆ ಹಾಡು ಓಡಿಸಿದರೆ ಹೊಸ ಇಯರ್‌ಫೋನ್ ಪಳಗುತ್ತದೆ ಅಂತಾರಲ್ಲ?

ಉತ್ತರ: ಪಳಗುವುದು ಬಹುಮಟ್ಟಿಗೆ ನಿಮ್ಮ ಕಿವಿ. ಸುಮ್ನೆ ಒಂದು ವಾರ ಕೇಳಿ. ಅಷ್ಟಾದರೂ ಹಿಡಿಸದಿದ್ದರೆ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ವಾಪಸ್ ಕೊಟ್ಟುಬಿಡಿ. ‘ನೂರು ಗಂಟೆ ಕಾಯಿರಿ’ ಅನ್ನುವವರ ಮಾತು ಕೇಳಿದರೆ ಆ ಅವಧಿಯೂ ಹೋಗುತ್ತದೆ.

ಮೊದಲು ಕೇಳಿದವರು: ಮೇಡಂ, ನಿನ್ನೆ ರಾತ್ರಿ ಕೂತು ಟಿಪ್ಸ್ ಎಲ್ಲಾ ಬದಲಾಯಿಸಿ ನೋಡಿದೆ. ಬಲಕ್ಕೆ ದೊಡ್ಡದು, ಎಡಕ್ಕೆ ನಡುವಿನದು ಸರಿಹೋಯಿತು. ಬೇಸ್ ಬಂತು! ಆದರೆ ಕೆಲವು ಹಾಡಿನಲ್ಲಿ ‘ಸ’ ಇನ್ನೂ ಸ್ವಲ್ಪ ಚುಚ್ಚುತ್ತದೆ.

ಉತ್ತರ: ಫೋನಿನ ಈಕ್ವಲೈಸರ್ (ಬೇಸ್, ಟ್ರೆಬಲ್ ಬೇರೆ ಬೇರೆಯಾಗಿ ಏರಿಸಿ ಇಳಿಸುವ ಜಾಗ) ತೆರೆಯಿರಿ. 6,000 ಅಥವಾ 8,000 ಎಂದಿರುವ ಗುಂಡಿಯನ್ನು 2-3 ಡೆಸಿಬಲ್ ಕೆಳಗೆ ಎಳೆಯಿರಿ. ಬೇರೆ ಯಾವುದನ್ನೂ ಮೇಲಕ್ಕೆ ತಳ್ಳಬೇಡಿ, ಜಾಸ್ತಿ ತಳ್ಳಿದರೆ ಸದ್ದು ಒಡೆಯುತ್ತದೆ. ಎರಡು ದಿನ ಹಾಗೇ ಕೇಳಿ. ಆಮೇಲೂ ಬೇಜಾರಾದರೆ ಒಂದೇ ಡ್ರೈವರಿನ ವಾರ್ಮ್ ಇಯರ್‌ಫೋನ್ ನೋಡೋಣ. ನಾಲ್ಕು ಡ್ರೈವರಿನದನ್ನು ಬಿಟ್ಟುಬಿಡಿ.

ಮೊದಲು ಕೇಳಿದವರು: ಬಿಟ್ಟೆ. ಹೊಸದು ಬರುತ್ತದೆ ಅಂತ ಇದನ್ನು ತಮ್ಮನಿಗೆ ಕೊಡುತ್ತೇನೆ ಅಂದಿದ್ದೆ. ಈಗ ಕೊಡಲ್ಲ ಅಂದರೆ ಮುನಿಸಿಕೊಂಡಿದ್ದಾನೆ.

ಉತ್ತರ: ಆಗಾಗ ಕೇಳಲು ಕೊಡಿ. ಟಿಪ್ಸ್ ಮಾತ್ರ ಬಿಚ್ಚಿಟ್ಟುಕೊಂಡು ಕೊಡಿ, ಅವನದು ಅವನಿಗೆ.