ಟೆಟ್ರಾಲಜಿ ರಿಪೇರಿ ನಂತರ ಪೀಪ್ ಏರಿಸಿದೊಡನೆ ಬಿಪಿ ಕುಸಿತ: ಏನು ಮಾಡಬೇಕು?

ಪ್ರಶ್ನೆ
ಫ್ಯಾಲೋ ಟೆಟ್ರಾಲಜಿ (ನಾಲ್ಕು ದೋಷಗಳಿರುವ ಹುಟ್ಟು ಹೃದ್ರೋಗ) ರಿಪೇರಿಯಾದ 8 ಕೆಜಿ ಮಗು, ಮೊದಲ ರಾತ್ರಿ. ಎಕೋದಲ್ಲಿ ಎಡ ಹೃತ್ಕುಕ್ಷಿ ಚೆನ್ನಾಗಿದೆ, ವಿಎಸ್‌ಡಿ (ಹೃತ್ಕುಕ್ಷಿಗಳ ನಡುವಿನ ರಂಧ್ರ) ಉಳಿದಿಲ್ಲ. ಸಿವಿಪಿ (ಹೃದಯಕ್ಕೆ ಮರಳುವ ದೊಡ್ಡ ಸಿರೆಯ ಒತ್ತಡ) 14. ಸ್ಯಾಚುರೇಷನ್ 91ಕ್ಕೆ ಇಳಿದದ್ದರಿಂದ ಪೀಪ್ (ಉಸಿರು ಬಿಟ್ಟ ಕೊನೆಯಲ್ಲೂ ವೆಂಟಿಲೇಟರ್ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 5ರಿಂದ 9ಕ್ಕೆ ಏರಿಸಲಾಯಿತು. ಆಮೇಲೆ ಬಿಪಿ ಇಳಿದು ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾಗ ಏರುವ ಆಮ್ಲ) 2ರಿಂದ 5 ಆಗಿದೆ. ಫ್ಲೂಯಿಡ್ ಕೊಟ್ಟರೆ ಸಿವಿಪಿ ಮಾತ್ರ ಏರುತ್ತಿದೆ.

ಉತ್ತರ 1
ಮೊದಲು ಟ್ಯಾಂಪೊನಾಡ್ (ಹೃದಯದ ಸುತ್ತ ರಕ್ತ ತುಂಬಿ ಅದನ್ನು ಒತ್ತುವುದು) ಅಲ್ಲವೆಂದು ಖಚಿತಪಡಿಸಿಕೊಳ್ಳಿ. ಎದೆಯ ಡ್ರೈನ್ ನಳಿಕೆಯಿಂದ ಬರುವುದು ಇದ್ದಕ್ಕಿದ್ದಂತೆ ನಿಂತಿದೆಯೇ? ಆರ್‌ವಿ (ಬಲ ಹೃತ್ಕುಕ್ಷಿ) ಹೊರದಾರಿಯಲ್ಲಿ ಅಡಚಣೆ ಉಳಿದಿದೆಯೇ?

ಇವೆರಡೂ ಇಲ್ಲದಿದ್ದರೆ ಇದು ರೆಸ್ಟ್ರಿಕ್ಟಿವ್ (ಬಿಗಿಯಾಗಿ ಹಿಗ್ಗದ) ಆರ್‌ವಿ ಇರಬೇಕು. ಪಲ್ಮನರಿ ಅಪಧಮನಿಯ ಡಾಪ್ಲರ್ ನೋಡಿ: ಏಟ್ರಿಯಂ (ಹೃತ್ಕರ್ಣ) ಸಂಕುಚಿಸಿದಾಗ, ಡಯಾಸ್ಟೊಲ್ (ಹೃತ್ಕುಕ್ಷಿ ತುಂಬುವ ಹೊತ್ತು) ಕೊನೆಯಲ್ಲಿ, ಮುಂದಕ್ಕೆ ಹರಿವು ಕಾಣುತ್ತದೆ. ಹಿಗ್ಗದ ಆರ್‌ವಿ ಆ ಗಳಿಗೆಯಲ್ಲಿ ಬರೀ ಕೊಳವೆ. ವೆಂಟಿಲೇಟರ್ ಉಸಿರು ತುಂಬಿದಾಗ ಸಿರೆಗಳಿಂದ ರಕ್ತ ಮರಳುವುದು ತಗ್ಗುತ್ತದೆ, ಆಲ್ವಿಯೊಲೈ (ಶ್ವಾಸಕೋಶದ ಗಾಳಿಚೀಲಗಳು) ಸುತ್ತಲ ಕ್ಯಾಪಿಲರಿಗಳು ಒತ್ತಿಹೋಗುತ್ತವೆ, ಆ ಹರಿವು ಕುಂದುತ್ತದೆ. ಎಡಕ್ಕೆ ರಕ್ತವೇ ತಲುಪದಿದ್ದರೆ ಬಿಪಿ ನಿಲ್ಲುವುದಾದರೂ ಹೇಗೆ?

ಸ್ಯಾಚುರೇಷನ್ 91 ಅಂದ ಮಾತ್ರಕ್ಕೆ ತೊಂದರೆ ಶ್ವಾಸಕೋಶದ್ದು ಅಂದುಕೊಳ್ಳಬೇಡಿ. ಎಷ್ಟೋ ಸಲ ಸರ್ಜನ್ ಬೇಕೆಂದೇ ಪಿಎಫ್‌ಓ (ಎರಡು ಏಟ್ರಿಯಂಗಳ ನಡುವಿನ ಸಣ್ಣ ಕಿಂಡಿ) ಬಿಟ್ಟಿರುತ್ತಾರೆ. ಅಲ್ಲಿ ರಕ್ತ ಬಲದಿಂದ ಎಡಕ್ಕೆ ಹರಿದು ಕಾರ್ಡಿಯಾಕ್ ಔಟ್‌ಪುಟ್ ಉಳಿಸುತ್ತದೆ, ಸ್ಯಾಚುರೇಷನ್ ತುಸು ಇಳಿಯುತ್ತದೆ. ಪೀಪ್ ಏರಿಸಿದರೆ ಆ ಶಂಟ್ (ಅಡ್ಡಹರಿವು) ಹೆಚ್ಚಬಹುದು. ಪೀಪ್ ಗುಂಡಿಗೆ ಕೈ ಹಾಕುವ ಮೊದಲು ಏಟ್ರಿಯಲ್ ಸೆಪ್ಟಂ ಮೇಲೆ ಕಲರ್ ಡಾಪ್ಲರ್ ಇಡಿ, ಎಕ್ಸ್‌ರೇ ನೋಡಿ.

ಈಗ ಪೀಪ್ 4–5, ಟೈಡಲ್ ವಾಲ್ಯೂಮ್ (ಪ್ರತಿ ಉಸಿರಿನ ಗಾಳಿ) 6–8 ಮಿಲಿ/ಕೆಜಿ, ಚಿಕ್ಕ ಇನ್‌ಸ್ಪಿರೇಟರಿ ಟೈಮ್ (ಉಸಿರು ತುಂಬುವ ಸಮಯ). ಪೀಪ್ ಸೊನ್ನೆಗೆ ಮಾತ್ರ ಇಳಿಸಬೇಡಿ. ಪಲ್ಮನರಿ ಪ್ರತಿರೋಧ ಅತಿ ಕಡಿಮೆ ಇರುವುದು ಎಫ್‌ಆರ್‌ಸಿ (ಸಹಜವಾಗಿ ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ) ಹತ್ತಿರ. ಶ್ವಾಸಕೋಶ ಕುಸಿದರೂ ಏರುತ್ತದೆ, ಉಬ್ಬಿದರೂ ಏರುತ್ತದೆ. ಪ್ಲೂರಲ್ ನೀರಿದ್ದರೆ (ಶ್ವಾಸಕೋಶದ ಸುತ್ತಲಿನ ಪೊರೆಯಲ್ಲಿ) ತೆಗೆಯಿರಿ, ಪೀಪ್‌ನಿಂದ ಅದನ್ನು ಗೆಲ್ಲಲಾಗದು.

ಉತ್ತರ 2
ಮೇಲಿನದಕ್ಕೆ ಔಷಧಿ ಸೇರಿಸುತ್ತೇನೆ. ಮಿಲ್ರಿನೋನ್ (ಹೃದಯ ಹಿಗ್ಗಲೂ ಸಂಕುಚಿಸಲೂ ನೆರವಾಗುವ ಔಷಧಿ) 0.25–0.5 ಮೈಕ್ರೋಗ್ರಾಂ/ಕೆಜಿ/ನಿಮಿಷ, ಬಿಪಿ ಕಡಿಮೆ ಇರುವಾಗ ಬೋಲಸ್ ಬೇಡ. ಕೊರೊನರಿ ಹರಿವಿಗೆ ಡಯಾಸ್ಟೊಲಿಕ್ ಒತ್ತಡ ಬೇಕು, ಅದಕ್ಕೆ ಸಣ್ಣ ಪ್ರಮಾಣದ ವ್ಯಾಸೊಪ್ರೆಸಿನ್ (ರಕ್ತನಾಳ ಬಿಗಿಸುವ ಔಷಧಿ). ಅಡ್ರಿನಲಿನ್ ಏರಿಸುತ್ತ ಹೋದರೆ ಹೃದಯದ ವೇಗ ಹೆಚ್ಚಿ ತುಂಬುವ ಸಮಯವೇ ಉಳಿಯದು. ಫ್ಲೂಯಿಡ್ ಒಂದು ಸಲಕ್ಕೆ 5 ಮಿಲಿ/ಕೆಜಿ. ಬಿಪಿ ಏರದೆ ಸಿವಿಪಿ ಮಾತ್ರ ಏರಿದರೆ ಅಲ್ಲಿಗೇ ನಿಲ್ಲಿಸಿ.

ಜೆಇಟಿ (ಏಟ್ರಿಯಂ-ಹೃತ್ಕುಕ್ಷಿ ನಡುವಿನ ಜಂಕ್ಷನ್‌ನಿಂದ ಹುಟ್ಟುವ ಅತಿವೇಗದ ಬಡಿತ) ಬಂದರೆ ಏಟ್ರಿಯಂನ ಆ ತಳ್ಳು ಹೋಗಿಬಿಡುತ್ತದೆ. ಜ್ವರ ಬರಗೊಡಬೇಡಿ, ಮೈ ತಂಪಾಗಿಸಿ, ಬಡಿತದ ಲಯ ಸರಿಪಡಿಸುವ ಅಮಿಯೊಡರೋನ್ ಕೊಡಿ. ಜಂಕ್ಷನಲ್ ವೇಗ ತಗ್ಗಿದ ಮೇಲೆ ಅದಕ್ಕಿಂತ ತುಸು ಹೆಚ್ಚಿನ ದರದಲ್ಲಿ ಏಟ್ರಿಯಲ್ ಪೇಸಿಂಗ್ ಮಾಡಿ.

ನೈಟ್ರಿಕ್ ಆಕ್ಸೈಡ್‌ಗೆ (ಶ್ವಾಸಕೋಶದ ರಕ್ತನಾಳ ಹಿಗ್ಗಿಸುವ ಅನಿಲ) ಆತುರ ಬೇಡ. ಟೆಟ್ರಾಲಜಿಯಲ್ಲಿ ಪಲ್ಮನರಿ ಒತ್ತಡ ಸಾಮಾನ್ಯವಾಗಿ ಹೆಚ್ಚಿರುವುದಿಲ್ಲ, ಇಲ್ಲಿನ ತೊಡಕು ಸ್ನಾಯುವಿನ ಬಿಗುವು.

ಉತ್ತರ 3
ರಕ್ತಸ್ರಾವ ನಿಂತು ಲ್ಯಾಕ್ಟೇಟ್ ಇಳಿದ ಮೇಲೆ ಟ್ಯೂಬ್ ಬೇಗ ತೆಗೆಯಿರಿ, ಸ್ವಂತ ಉಸಿರಾಟವೇ ಆರ್‌ವಿಗೆ ಹಿತ. ತೆಗೆದ ಮೇಲೂ ಉಸಿರಿಗೆ ಕಷ್ಟಪಡುತ್ತಿದ್ದರೆ ಅಲ್ಟ್ರಾಸೌಂಡ್‌ನಲ್ಲಿ ಡಯಾಫ್ರಂ ನೋಡಿ, ಅದನ್ನು ನಡೆಸುವ ಫ್ರೆನಿಕ್ ನರಕ್ಕೆ ಪೆಟ್ಟಾಗಿರಬಹುದು.

ಇದೇ ಲೆಕ್ಕವನ್ನು ಗ್ಲೆನ್ ಶಸ್ತ್ರಚಿಕಿತ್ಸೆಯಾದ (ಮೇಲಿನ ಮಹಾಸಿರೆಯನ್ನು ನೇರವಾಗಿ ಪಲ್ಮನರಿ ಅಪಧಮನಿಗೆ ಜೋಡಿಸಿದ) ಮಗುವಿಗೆ ಪೂರ್ತಿ ಹಾಕಬೇಡಿ. ಅಲ್ಲಿ ಹೈಪರ್‌ವೆಂಟಿಲೇಷನ್ ಸಲ್ಲದು: ಕಾರ್ಬನ್ ಡೈಆಕ್ಸೈಡ್ ತುಸು ಹೆಚ್ಚಿದ್ದರೆ ಮಿದುಳಿನ ಹರಿವು ಹೆಚ್ಚುತ್ತದೆ, ಶ್ವಾಸಕೋಶಕ್ಕೆ ಹೋಗುವುದು ಅಲ್ಲಿಂದ ಮರಳುವ ರಕ್ತವೇ.