ಡ್ರೈ ಕ್ಲಚ್ಚಿನ 1098 ತಗೊಳ್ಳಲಾ, ವೆಟ್ ಕ್ಲಚ್ಚಿನ 848 ತಗೊಳ್ಳಲಾ?

ಹಾಸನದ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಊರಲ್ಲಿ ಅಪ್ಪನ ಯೆಜ್ಡಿ ಓಡಿಸಿ ಕಲಿತಿದ್ದು, ಆಮೇಲೆ ಆರ್15, ಇಲ್ಲಿಗೆ ಬಂದ ಮೇಲೆ ಸುಜುಕಿ ಎಸ್‌ವಿ 650. ಈಗ ಸೆಕೆಂಡ್ ಹ್ಯಾಂಡ್ ಡುಕಾಟಿ ತಗೋಬೇಕು ಅಂತ ಆಸೆ. ಎರಡು ಗಾಡಿ ನೋಡಿದ್ದೇನೆ: 2007ರ 1098, 2008ರ 848. ನೋಡಕ್ಕೆ ಅಣ್ಣತಮ್ಮಂದಿರ ಹಾಗೇ ಇವೆ. ಆದರೆ 1098ಗೆ ಡ್ರೈ ಕ್ಲಚ್ (ಆಯಿಲ್ ಇಲ್ಲದೇ ತಿರುಗುವುದು), 848ಗೆ ವೆಟ್ ಕ್ಲಚ್ (ಆಯಿಲ್‌ನಲ್ಲಿ ಮುಳುಗಿ ತಿರುಗುವುದು).

1098 ಸ್ಟಾರ್ಟ್ ಮಾಡಿ ಓನರ್ ಕ್ಲಚ್ ಹಿಡಿದರು ನೋಡಿ, ತಗಡಿನ ಡಬ್ಬಿಗೆ ಬೋಲ್ಟು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಅದು ಹಾಗೇ ಇರೋದು ಅಂದರು. ನಿಜಾನಾ? ಡ್ರೈ ಕ್ಲಚ್ ಇದ್ದರೆ ಪವರ್ ಜಾಸ್ತಿ ಅಂತಾರೆ, ಅದೂ ನಿಜಾನಾ? ವಾರವೆಲ್ಲ ಆಫೀಸಿಗೆ ಇದೇ ಗಾಡಿ. ವಾರದ ಕೊನೆಗೆ ಶ್ವಾರ್ಟ್ಸ್‌ವಾಲ್ಡ್ ಕಡೆ ಬಿ500 ರಸ್ತೆ. ಯಾವಾಗಲಾದರೂ ಹೊಕೆನ್‌ಹೈಮ್‌ನಲ್ಲಿ ಟ್ರ್ಯಾಕ್ ಡೇ ಮಾಡುವ ಆಸೆಯೂ ಇದೆ.

ಪಿಟ್‌ಲೇನ್_ಪ್ರೇಮಿ

ಕಣ್ಣು ಮುಚ್ಚಿ 1098 ತಗೊಳ್ಳಿ ಗುರು. 2023ರಲ್ಲಿ ಬುದ್ಧ್ ಸರ್ಕ್ಯೂಟ್‌ಗೆ ಮೋಟೋಜಿಪಿ ನೋಡಕ್ಕೆ ಹೋಗಿದ್ದೆ. ಪಿಟ್‌ನಿಂದ ಗಾಡಿ ಹೊರಗೆ ಬರುವಾಗ ಆ ಗಲಗಲ ಸದ್ದು ಕೇಳಿದರೆ ಮೈ ಜುಮ್ ಅನ್ನತ್ತೆ. ಮೋಟೋಜಿಪಿ ಗಾಡಿಗಳಿಗೆಲ್ಲ ಡ್ರೈ ಕ್ಲಚ್ಚೇ. ಸ್ಪೀಡಲ್ಲಿ ಗೇರ್ ಇಳಿಸಿದಾಗ ಹಿಂದಿನ ಚಕ್ರ ಎಗರಾಡಲ್ಲ, ಅದೂ ಒಂದು ಲಾಭ. ಆ ಸದ್ದು ಬೇಕಂದರೆ 848ನಲ್ಲಿ ಸಿಗಲ್ಲ.

ಇಸಾರ್_ದಂಡೆಯವ

ಮೊದಲು ಸದ್ದಿನ ವಿಷಯ. ನನ್ನ ಹತ್ತಿರ 1098 ಇದೆ, ಅದರ ಕ್ಲಚ್ ಕೆಲಸವೆಲ್ಲ ನಾನೇ ಮಾಡಿಕೊಳ್ಳುತ್ತೇನೆ. ಓನರ್ ನಿಮಗೆ ಹೇಳಿದ್ದು ನಿಜ. ಕ್ಲಚ್ ಬಾಸ್ಕೆಟ್, ಅಂದರೆ ಪ್ಲೇಟುಗಳು ಕೂರುವ ಬುಟ್ಟಿ, ಎಂಜಿನ್ ಜೊತೆ ಸದಾ ತಿರುಗುತ್ತಿರುತ್ತದೆ. ಫ್ರಿಕ್ಷನ್ ಪ್ಲೇಟುಗಳ ಅಂಚಿನ ಹಲ್ಲುಗಳು ಆ ಬಾಸ್ಕೆಟ್ಟಿನ ಸೀಳುಗಳಲ್ಲಿ ಸ್ವಲ್ಪ ಸಡಿಲವಾಗಿ ಕೂತಿರುತ್ತವೆ. ಲಿವರ್ ಬಿಟ್ಟಿದ್ದಾಗ ಸ್ಪ್ರಿಂಗುಗಳು ಎಲ್ಲವನ್ನೂ ಒತ್ತಿ ಹಿಡಿದಿರುತ್ತವೆ, ಆಗ ಸದ್ದು ಕಡಿಮೆ. ಲಿವರ್ ಹಿಡಿದ ತಕ್ಷಣ ಪ್ಲೇಟುಗಳು ಸಡಿಲ. ಡುಕಾಟಿಯ ಎರಡು ಸಿಲಿಂಡರ್ ಸಮ ಅಂತರದಲ್ಲಿ ಫೈರ್ ಆಗಲ್ಲ, ಕ್ರ್ಯಾಂಕ್ 270 ಡಿಗ್ರಿ ತಿರುಗಿದಾಗ ಒಮ್ಮೆ, ಮತ್ತೆ 450 ಡಿಗ್ರಿ ತಿರುಗಿದಾಗ ಒಮ್ಮೆ. ಹಾಗಾಗಿ ಐಡಲ್‌ನಲ್ಲಿ ಎಂಜಿನ್ ಒಂದೇ ಸಮ ತಿರುಗುವುದಿಲ್ಲ, ತಳ್ಳಿ ತಳ್ಳಿ ತಿರುಗುತ್ತದೆ. ಪ್ರತಿ ತಳ್ಳುವಿಕೆಗೂ ಲೋಹಕ್ಕೆ ಲೋಹ ಬಡಿಯುತ್ತದೆ. ವೆಟ್ ಕ್ಲಚ್‌ನಲ್ಲೂ ಪ್ಲೇಟು ಸಡಿಲ ಆಗುತ್ತವೆ. ಆದರೆ ಮಧ್ಯೆ ಆಯಿಲ್ ಇರುವುದರಿಂದ ಸದ್ದು ಕೇಳಿಸಲ್ಲ, ಅಷ್ಟೇ.

ಪವರ್ ವಿಷಯ. ಆಯಿಲ್‌ನಲ್ಲಿ ಮುಳುಗಿ ತಿರುಗುವ ಕ್ಲಚ್ ಆ ಆಯಿಲ್ಲನ್ನು ಕಲಕುತ್ತಲೇ ಇರಬೇಕು, ಅದಕ್ಕೆ ಸ್ವಲ್ಪ ಶಕ್ತಿ ಹೋಗುತ್ತದೆ. ಡ್ರೈ ಕ್ಲಚ್‌ಗೆ ಆ ನಷ್ಟ ಇಲ್ಲ. ರೇಸ್‌ನಲ್ಲಿ ಅಷ್ಟೂ ಲೆಕ್ಕಕ್ಕೆ ಬರುತ್ತದೆ, ರಸ್ತೆಯಲ್ಲಿ ನಿಮ್ಮ ಕೈಗೆ ಗೊತ್ತೇ ಆಗಲ್ಲ. 1098ಗೆ 160 ಕುದುರೆಶಕ್ತಿ, 848ಗೆ 134. ಆ ವ್ಯತ್ಯಾಸ 1099 ಸಿಸಿ, 849 ಸಿಸಿಯ ವ್ಯತ್ಯಾಸ, ಕ್ಲಚ್ಚಿನದಲ್ಲ. ಯಮಾಹಾ ಆರ್1, ಬಿಎಂಡಬ್ಲ್ಯು ಎಸ್1000ಆರ್‌ಆರ್ ಎಲ್ಲ ವೆಟ್ ಕ್ಲಚ್ಚಿನವೇ. ಅವುಗಳಲ್ಲಿ ಪವರ್ ಕಡಿಮೆ ಅಂತ ಯಾರೂ ಹೇಳಲ್ಲ ಅಲ್ವಾ?

ರೇಸ್ ತಂಡಗಳಿಗೆ ಡ್ರೈ ಬೇಕಾಗಿರುವುದಕ್ಕೆ ಇನ್ನೂ ಕಾರಣ ಇದೆ. ಪ್ಲೇಟ್ ಸವೆದ ಪುಡಿ ಎಂಜಿನ್ ಆಯಿಲ್‌ಗೆ ಸೇರಲ್ಲ. ಆಯಿಲ್ ಇಳಿಸದೇ ಕವರ್ ತೆಗೆದು, ಸ್ಪ್ರಿಂಗಿನ ಆರು ಬೋಲ್ಟು ಬಿಚ್ಚಿದರೆ ಇಡೀ ಪ್ಲೇಟ್ ಸೆಟ್ ಕೈಗೆ ಬರುತ್ತದೆ. ಎರಡು ಸೆಷನ್ ನಡುವೆ ಬದಲಾಯಿಸಿಬಿಡಬಹುದು. ನನಗೆ ಈ ಗಾಡಿಯಲ್ಲಿ ತುಂಬ ಇಷ್ಟವಾದ ಕೆಲಸ ಇದೇ. ಬಟ್ಟೆ ಹಾಸಿ, ಪ್ಲೇಟುಗಳನ್ನು ಬಂದ ಕ್ರಮದಲ್ಲೇ ಸಾಲಾಗಿ ಇಡುತ್ತೇನೆ. ಅವುಗಳಲ್ಲಿ ಒಂದು ಸ್ಟೀಲ್ ಪ್ಲೇಟ್ ಕೊಂಚ ಬಾಗಿರುತ್ತದೆ, ಅದರ ಮೇಲೆ ಚುಕ್ಕಿ ಗುರುತು ಇರುತ್ತದೆ. ಅದನ್ನು ಅದರ ಜಾಗದಲ್ಲೇ ಇಟ್ಟರೆ ಕ್ಲಚ್ ಮೆತ್ತಗೆ ಹಿಡಿಯುತ್ತದೆ. ಜಾಗ ತಪ್ಪಿದರೆ ಎಳೆದ ಹಾಗೆ ಹಿಡಿಯುತ್ತದೆ. ಕವರ್ ಒಳಗೆ ಕಪ್ಪು ಪುಡಿ ಇರುತ್ತದೆ, ಮಾಸ್ಕ್ ಹಾಕಿಕೊಂಡು ಒರೆಸಬೇಕು.

ಪಿಟ್‌ಲೇನ್ ಅವರು ಹೇಳಿದ ಒಂದು ಮಾತು ಸರಿಯಿಲ್ಲ. ಗೇರ್ ಇಳಿಸಿದಾಗ ಹಿಂದಿನ ಚಕ್ರ ಎಗರದ ಹಾಗೆ ಮಾಡುವುದು ಸ್ಲಿಪ್ಪರ್ ಕ್ಲಚ್. ಚಕ್ರ ಎಂಜಿನ್ನನ್ನು ಹಿಂದಿನಿಂದ ತಳ್ಳಿದಾಗ ಒಳಗಿನ ಇಳಿಜಾರು ಮುಖಗಳು ಪ್ಲೇಟುಗಳ ಒತ್ತಡ ಸಡಿಲಿಸುತ್ತವೆ. ಅದು ಡ್ರೈಯಲ್ಲೂ ಇರಬಹುದು, ವೆಟ್‌ನಲ್ಲೂ ಇರಬಹುದು. ವರ್ಷನ್ 3ರಿಂದ ಆರ್15ಗೂ ಸ್ಲಿಪ್ಪರ್ ಬಂತು, ಅದು ವೆಟ್ ಕ್ಲಚ್ಚೇ.

ಈಗ ನಿಮ್ಮ ಆಫೀಸ್ ದಾರಿ. ನಿರ್ಧಾರ ಆಗಬೇಕಾದ್ದು ಇಲ್ಲೇ. ಜರ್ಮನಿಯಲ್ಲಿ ಕಾರುಗಳ ಸಂದಿಯಲ್ಲಿ ನುಗ್ಗಿ ಮುಂದೆ ಹೋಗುವ ಹಾಗಿಲ್ಲ. ಸ್ಟುಟ್‌ಗಾರ್ಟ್‌ನ ಬಿ14ನಲ್ಲಿ ಜಾಮ್ ಆದರೆ ನೀವೂ ಕಾರುಗಳ ಹಿಂದೆಯೇ ತೆವಳಬೇಕು. 1098ರ ಫಸ್ಟ್ ಗೇರ್ ಉದ್ದ, ಪ್ರತಿ ಸಲ ಹೊರಡುವಾಗ ಹಾಫ್ ಕ್ಲಚ್ ಜಾಸ್ತಿ ಹಿಡಿಯಬೇಕು. ಹಾಫ್ ಕ್ಲಚ್‌ನಲ್ಲಿ ಹುಟ್ಟುವ ಬಿಸಿಯನ್ನು ವೆಟ್ ಕ್ಲಚ್‌ನಲ್ಲಿ ಆಯಿಲ್ ಹೊತ್ತೊಯ್ಯುತ್ತದೆ. ಡ್ರೈಯಲ್ಲಿ ಗಾಳಿ ಒಂದೇ ಗತಿ, ನಿಂತ ಗಾಡಿಗೆ ಅದೂ ಇಲ್ಲ. ಪ್ಲೇಟು ಬಿಸಿಯಾದಂತೆ ಕ್ಲಚ್ ಹಿಡಿಯುವ ಜಾಗ ಬದಲಾಗುತ್ತದೆ, ನಡುಗಿಕೊಂಡು ಹಿಡಿಯಲು ಶುರುವಾಗುತ್ತದೆ. ದಿನಾ ಹೀಗಾದರೆ ಪ್ಲೇಟು ಬೇಗ ಸವೆಯುತ್ತವೆ. ಮುಂದಿನ 15 ಹಲ್ಲಿನ ಸ್ಪ್ರಾಕೆಟ್ ತೆಗೆದು 14 ಹಲ್ಲಿನದು ಹಾಕಿದರೆ ಸ್ವಲ್ಪ ಹಗುರಾಗುತ್ತದೆ. ಕಷ್ಟ ಪೂರ್ತಿ ಹೋಗಲ್ಲ.

ಡುಕಾಟಿಯೂ ಅದೇ ದಾರಿ ಹಿಡಿಯಿತು. 2008ರಲ್ಲಿ 848ಗೆ ವೆಟ್ ಕೊಟ್ಟರು, 2012ರ 1199 ಪಾನಿಗಾಲೆಗೂ ಕೊಟ್ಟರು. ಆಮೇಲೆ ಡ್ರೈ ಉಳಿದದ್ದು ವಿ4 ಆರ್ ಥರದ ರೇಸ್‌ಗೆ ಹತ್ತಿರದ ಗಾಡಿಗಳಲ್ಲಿ. ದಶಕಗಳ ಕಾಲ ಡ್ರೈ ಕ್ಲಚ್ ಹಾಕಿದ ಬಿಎಂಡಬ್ಲ್ಯು ಕೂಡ 2013ರ ಆರ್1200ಜಿಎಸ್‌ಗೆ ವೆಟ್ ತಂದಿತು.

ದಿನಾ ಆಫೀಸಿಗೆ ಓಡಿಸುವುದಾದರೆ 848 ತಗೊಳ್ಳಿ. ಬಿ500ನಲ್ಲಿ 134 ಕುದುರೆ ಯಾರಿಗೂ ಕಡಿಮೆಯಾಗಲ್ಲ. ಆಫೀಸಿಗೆ ಎಸ್‌ವಿ ಉಳಿಸಿಕೊಳ್ಳುವ ಯೋಚನೆ ಇದ್ದರೆ ಮಾತು ಬೇರೆ, ಆಗ 1098 ತಗೊಳ್ಳಿ ಅಂತ ನಾನೇ ಹೇಳುತ್ತೇನೆ. ಆ ಸದ್ದು ನನಗೂ ಪ್ರಾಣ.

ಮೈಸೂರು_ಗ್ಯಾರೇಜ್

ಮೇಲಿನ ಸರ್ ಚೆನ್ನಾಗಿ ಹೇಳಿದ್ದಾರೆ. ಆಯಿಲ್ ಬಗ್ಗೆ ನನ್ನದೊಂದು ಮಾತು. ನಿಮ್ಮ ತಂದೆಯವರ ಯೆಜ್ಡಿಯದೂ ವೆಟ್ ಕ್ಲಚ್ಚೇ. ಕಾರ್ಕ್ ಕೂರಿಸಿದ ಪ್ಲೇಟುಗಳು ಆಯಿಲ್‌ನಲ್ಲೇ ತಿರುಗುತ್ತಿದ್ದವು. ಡ್ರೈ ಕ್ಲಚ್ ಅಂದರೆ ಬರೀ ಇಟಲಿ ಗಾಡಿ ಅಂದುಕೊಳ್ಳಬೇಡಿ, ನಮ್ಮೂರಿನ ಆಕ್ಟಿವಾಗಳಲ್ಲೂ ಇರುವುದು ಡ್ರೈ ಕ್ಲಚ್. ಬೆಲ್ಟ್ ಡಬ್ಬಿಯೊಳಗೆ ಆಯಿಲ್ ಇಲ್ಲದೇ ತಿರುಗುತ್ತದೆ. ಅದಕ್ಕೇ ಸ್ಕೂಟರ್ ಆಯಿಲ್ ಡಬ್ಬದ ಮೇಲೆ ಜಾಸೋ (ಜಪಾನಿನ ಆಯಿಲ್ ದರ್ಜೆ) ಎಂಬಿ ಅಂತ ಇರುತ್ತದೆ. ಅದರಲ್ಲಿ ಜಾರಿಕೆ ಜಾಸ್ತಿ. ಅದನ್ನೇ ಬೈಕಿಗೆ ಸುರಿದು, ಚಾಮುಂಡಿ ಬೆಟ್ಟ ಹತ್ತುವಾಗ ಕ್ಲಚ್ ಸ್ಲಿಪ್ ಆಗ್ತಿದೆ ಅಂತ ಬರುವವರು ಇದ್ದಾರೆ. ಪ್ಲೇಟ್ ಚೆನ್ನಾಗೇ ಇರುತ್ತದೆ. 848 ತಗೊಂಡರೆ ಜಾಸೋ ಎಂಎ ಅಥವಾ ಎಂಎ2 ಅಂತ ಬರೆದಿರುವ ಆಯಿಲ್ಲೇ ಹಾಕಿ. ಕಾರಿನ ಆಯಿಲ್ ಉಳಿದಿದೆ ಅಂತ ಅದನ್ನು ಮಾತ್ರ ಹಾಕಬೇಡಿ.

ಹಾಸನದ_ಹುಡುಗ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎಸ್‌ವಿ ಮಾರದೇ ಇಟ್ಟುಕೊಳ್ಳಲು ಜಾಗ ಇದೆ, ಹಾಗಾಗಿ ಮನಸ್ಸು ಮತ್ತೆ 1098 ಕಡೆ ಎಳೀತಿದೆ. ಇನ್ನೊಂದು ಸಲ ನೋಡಕ್ಕೆ ಹೋದಾಗ ಕ್ಲಚ್‌ನಲ್ಲಿ ಏನು ನೋಡಲಿ?

ಇಸಾರ್_ದಂಡೆಯವ

ಹಾಗಾದರೆ ಸರಿ. ನ್ಯೂಟ್ರಲ್‌ನಲ್ಲಿ ಲಿವರ್ ಹಿಡಿದು ಬಿಟ್ಟು ಕೇಳಿ. ಬಿಟ್ಟ ಮೇಲೂ ಅಷ್ಟೇ ಜೋರಾಗಿ ಬಡಿಯುತ್ತಿದ್ದರೆ ಬಾಸ್ಕೆಟ್, ಪ್ಲೇಟು ಸವೆದಿವೆ ಅಂತ. ಎಂಜಿನ್ ಬಿಸಿಯಾದ ಮೇಲೆ ಐದನೇ ಗೇರ್‌ನಲ್ಲಿ ನಿಧಾನ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ತಿರುಗಿಸಿ. ಗಾಡಿ ಓಡದೇ ಬರೀ ಆರ್‌ಪಿಎಂ ಏರಿದರೆ ಸ್ಲಿಪ್ ಆಗುತ್ತಿದೆ. ಆಮೇಲೆ ಎಂಜಿನ್ ಎಡಗಡೆ ಸ್ಲೇವ್ ಸಿಲಿಂಡರ್ (ಲಿವರ್ ಹಿಡಿದಾಗ ಫ್ಲೂಯಿಡ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಸುತ್ತ ಒದ್ದೆ ಇದೆಯಾ ನೋಡಿ. ಕ್ಲಚ್ ಫ್ಲೂಯಿಡ್ ಕಪ್ಪಾಗಿದ್ದರೆ ಯಾರೂ ಗಮನ ಕೊಟ್ಟಿಲ್ಲ ಅಂತ ಅರ್ಥ.

ಕವರ್ ತೆಗೆಯಲು ಒಪ್ಪುತ್ತಾರಾ ಕೇಳಿ, ಆಯಿಲ್ ಚೆಲ್ಲಲ್ಲ, ಅವರಿಗೂ ಗೊತ್ತಿರುತ್ತದೆ. ಒಳಗೆ ಪುಡಿ ಒಣಗಿದ್ದರೆ ಚಿಂತೆ ಇಲ್ಲ. ಜಿಡ್ಡು ಜಿಡ್ಡಾಗಿದ್ದರೆ ಎಂಜಿನ್ ಕಡೆಯ ಯಾವುದೋ ಸೀಲ್ ಸೋರುತ್ತಿದೆ, ಆ ಖರ್ಚು ಬೆಲೆಯಲ್ಲಿ ಇಳಿಸಲು ಹೇಳಿ. ಬಾಸ್ಕೆಟ್ಟಿನ ಸೀಳುಗಳ ಪಕ್ಕೆಗೆ ಉಗುರು ಆಡಿಸಿ. ಪ್ಲೇಟಿನ ಹಲ್ಲು ಹೊಡೆದು ಗುಳಿ ಬಿದ್ದಿದ್ದರೆ ಉಗುರು ಸಿಕ್ಕಿಕೊಳ್ಳುತ್ತದೆ. ಅಂಥ ಬಾಸ್ಕೆಟ್‌ಗೆ ಹೊಸ ಪ್ಲೇಟ್ ಹಾಕಿ ಉಪಯೋಗ ಇಲ್ಲ, ಎರಡೂ ಒಟ್ಟಿಗೆ ಬದಲಾಯಿಸಬೇಕು. ಕೆಲವರು ಸದ್ದು ಚೆನ್ನಾಗಿ ಕೇಳಲಿ ಅಂತ ತೂತಿರುವ ಕವರ್ ಹಾಕಿರುತ್ತಾರೆ. ಅದಕ್ಕೆ ಪೇಪರ್ ಇದೆಯಾ ಕೇಳಿ, ಇಲ್ಲದಿದ್ದರೆ ಟ್ಯೂಫ್‌ನಲ್ಲಿ, ಅಂದರೆ ಇಲ್ಲಿನ ಗಾಡಿ ತಪಾಸಣೆಯಲ್ಲಿ, ಪ್ರಶ್ನೆ ಬರುತ್ತದೆ.

ಸೀಳುಗಳ ಫೋಟೋ ಹತ್ತಿರದಿಂದ ತೆಗೆದು ಇಲ್ಲೇ ಹಾಕಿ, ನೋಡಿ ಹೇಳ್ತೀನಿ.