ಅಕ್ಕನ ಮಗ ನಾಯಕರ ಹಿಂದೆ ಹೋಗ್ತಾನಂತೆ. ಇದು ನೌಕರಿನಾ?

ಜೇವರ್ಗಿ ರೋಡ್
ನಮಸ್ಕಾರ ಎಲ್ಲರಿಗೂ. ಕಲಬುರಗಿಯವನು ನಾನು. ಅಕ್ಕನ ಮಗ ಬಿ.ಕಾಂ. ಮುಗಿಸಿ ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತಾನೆ. ಸಂಬಳ ಕಡಿಮೆ, ಆದರೆ ತಿಂಗಳ ಮೊದಲ ವಾರ ತಪ್ಪದೆ ಬರುತ್ತದೆ. ಈಗ ಇಲ್ಲಿನ ನಾಯಕರೊಬ್ಬರು ಅವನನ್ನು ಕರೆದಿದ್ದಾರೆ. ಹೆಸರೂ ಬೇಡ, ಪಕ್ಷವೂ ಬೇಡ. "ಮುಂದಿನ ಎಲೆಕ್ಷನ್ ತನಕ ನನ್ನ ಜೊತೆ ಇರು. ಗಂಜಿನ ವ್ಯಾಪಾರಿಗಳ ಹತ್ತಿರ ದೇಣಿಗೆ ಕೇಳೋದು, ಪ್ರಚಾರದ ಖರ್ಚು ನೋಡೋದು, ಎಲ್ಲ ನಿಂದೇ" ಅಂದರಂತೆ. ಸಂಬಳ ಎಷ್ಟು ಅಂತ ಕೇಳಿದರೆ "ನೀನು ನಮ್ಮ ಮನೆ ಹುಡುಗ" ಅಂದರಂತೆ. ಅಕ್ಕನಿಗೆ ಖುಷಿಯೋ ಖುಷಿ. ಭಾವ ಎರಡು ದಿನದಿಂದ ಊಟ ಬಿಟ್ಟು ಕೂತಿದ್ದಾರೆ. ಈ ಕೆಲಸ ಗೊತ್ತಿರುವವರು ಯಾರಾದರೂ ಹೇಳಿ.

ಗಂಜ್ ಅಡತಿ
ಇಲ್ಲಿನ ಧಾನ್ಯ ಮಾರುಕಟ್ಟೆ ನೆಹರು ಗಂಜಿನಲ್ಲಿ ನನ್ನದು ತೊಗರಿ ಅಡತಿ, ಅಂದರೆ ರೈತರ ಮಾಲು ಕಮಿಷನ್ ಮೇಲೆ ಮಾರಿಸುವ ಅಂಗಡಿ. ನೀವು ಹೇಳುವ ದೇಣಿಗೆ ಕೇಳುವ ಕೆಲಸ ನಡೆಯುವುದು ನನ್ನ ಗಾದಿ ಮುಂದೇನೇ, ಹಾಗಾಗಿ ಮೊದಲು ನಾನೇ ಹೇಳ್ತೀನಿ.

ನಾಯಕರು ಬರುವುದಿಲ್ಲ ರೀ, ಹುಡುಗ ಬರುತ್ತಾನೆ. ತೊಗರಿ ಬಂದು ಮಾಲು ಎದ್ದ ಮೇಲೆ ಬರುತ್ತಾನೆ. ಕೈಯಲ್ಲಿ ರೊಕ್ಕ ಆಡುವುದು ಯಾವಾಗ ಅಂತ ಅವನಿಗೂ ಗೊತ್ತಿರುತ್ತದೆ. ಕೂರುತ್ತಾನೆ, ಚಾ ಕುಡಿಯುತ್ತಾನೆ, ಮಗಳ ಮದುವೆ ಎಲ್ಲಿಗೆ ಬಂತು ಅಂತ ಕೇಳುತ್ತಾನೆ. ರೊಕ್ಕದ ಮಾತು ಏಳುವಾಗ ಬರುತ್ತದೆ, ಅದೂ ಚಪ್ಪಲಿ ಹಾಕಿಕೊಳ್ಳುತ್ತಾ. "ಸಾಹುಕಾರ್ರೆ, ಈ ಸಲ ಸ್ವಲ್ಪ ನೋಡ್ರಿ."

ನಾವು ಕೊಡುವುದು ಆ ಹುಡುಗನ ಮುಖ ನೋಡಿ. ನಾಯಕನ ಮುಖ ಪೋಸ್ಟರ್ ಮೇಲೆ ಬೇಕಾದಷ್ಟು ನೋಡಿರುತ್ತೇವೆ. ಮಗನ ಟ್ರಾನ್ಸ್‌ಫರ್ ಇರಲಿ, ಚರಂಡಿ ಇರಲಿ, ಆಮೇಲೆ ಫೋನ್ ಮಾಡುವುದು ಹುಡುಗನಿಗೇ. ಎತ್ತಿದರೆ ಮುಂದಿನ ಸಲ ಕೊಡುತ್ತೇವೆ, ಎತ್ತದಿದ್ದರೆ ಗಂಜ್ ತುಂಬ ಸುದ್ದಿ ಹರಡುತ್ತದೆ. ನಿಮ್ಮ ಅಳಿಯ ಹೆಸರು ಕೆಡಿಸಿಕೊಂಡರೆ ಮತ್ತೆ ಮಿಲ್ಲಿಗೆ ಬಂದು ಲೆಕ್ಕ ಬರೆಯುವುದೂ ಕಷ್ಟ, ಇದು ನೆನಪಿರಲಿ.

ಎಲ್ಲ ಒಂದೇ
ಇದರಲ್ಲಿ ಚರ್ಚೆ ಮಾಡೋಕೆ ಏನಿದೆ? ವಸೂಲಿಗೆ ದೇಣಿಗೆ ಅಂತ ಒಳ್ಳೆ ಹೆಸರು ಇಟ್ಟಿದ್ದಾರೆ, ಅಷ್ಟೇ. ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಡುತ್ತಿದ್ದ ಚುನಾವಣಾ ಬಾಂಡ್ ನೋಡಲಿಲ್ವಾ? 16,000 ಕೋಟಿಗೂ ಜಾಸ್ತಿ ಬಾಂಡ್ ಮಾರಿದರು. ಕೊಟ್ಟವರು ಯಾರು ಅಂತ ವೋಟು ಹಾಕುವವನಿಗೆ ಗೊತ್ತಾಗಬಾರದು ಅಂತಲೇ ಮಾಡಿದ ಏರ್ಪಾಡು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು, ಆಮೇಲೆ ಹೆಸರು ಹೊರಬಂದವು. ಭಾವ ಊಟ ಬಿಟ್ಟದ್ದೇ ಸರಿ.

ಗಂಜ್ ಅಡತಿ
ತಮ್ಮಾ, ಬಾಂಡ್ ಗದ್ದಲ ದೊಡ್ಡ ಕಂಪನಿಗಳದ್ದು. ಇಷ್ಟು ವರ್ಷದಲ್ಲಿ ನನ್ನ ಗಾದಿಗೆ ಬಾಂಡ್ ಕೇಳಿಕೊಂಡು ಒಬ್ಬನೂ ಬಂದಿಲ್ಲ. ಇಲ್ಲಿ ನಡೆಯುವುದು ಬೇರೆ.

ಬೀದರ್ ಕೋಟೆ
ನಾನು ಬೀದರಿನವಳು. 2023ರ ವಿಧಾನಸಭೆ ಚುನಾವಣೆಯಲ್ಲಿ ಒಂದು ಪ್ರಚಾರ ಸಂಸ್ಥೆಗೆ ಐದು ತಿಂಗಳು ಕೆಲಸ ಮಾಡಿದ್ದೇನೆ. ಬೂತ್ ಪಟ್ಟಿ, ವಾಟ್ಸಾಪ್ ಗುಂಪು, ಸಭೆಗೆ ಪರ್ಮಿಷನ್, ದಿನಾ ಸಂಜೆ ವರದಿ. ಕರಾರು ಪತ್ರ ಇತ್ತು, ಸಂಬಳ ಬ್ಯಾಂಕಿಗೆ ಬರುತ್ತಿತ್ತು. ಮೇ 10ಕ್ಕೆ ಮತದಾನ ಮುಗಿಯಿತು, 13ಕ್ಕೆ ಫಲಿತಾಂಶ, ತಿಂಗಳ ಕೊನೆಗೆ ಎಲ್ಲರೂ ಮನೆಗೆ. ಆದರೂ ಕಲಿತದ್ದು ಜಾಸ್ತಿ. ಅದನ್ನೇ ತೋರಿಸಿ ಈಗ ಹೈದರಾಬಾದಿನಲ್ಲಿ ಮಾರ್ಕೆಟಿಂಗ್ ಕೆಲಸ ಸಿಕ್ಕಿದೆ.

ಇದನ್ನು ಬರೀ ಕಳ್ಳತನ ಅಂದರೆ ನಾನು ಒಪ್ಪುವುದಿಲ್ಲ. ಸಂಬಳ ಇಲ್ಲದೆ "ಮನೆ ಹುಡುಗ" ಅನ್ನಿಸಿಕೊಂಡು ದುಡಿಯುವುದನ್ನೂ ಒಪ್ಪುವುದಿಲ್ಲ. ಮನೆ ಹುಡುಗ ಅಂದರೆ ರಜೆ ಇಲ್ಲ, ಪಿಎಫ್ ಇಲ್ಲ, ರಾತ್ರಿ ಎರಡಕ್ಕೂ ಫೋನ್. ಹುಡುಗಿಯರನ್ನಂತೂ ಈ "ಮನೆ"ಯೊಳಗೆ ಸೇರಿಸುವುದೇ ಇಲ್ಲ, ಅದು ಬೇರೆ ಮಾತು.

ಹಳದಿ ಹಾಳೆ
ನಾನು ನಿವೃತ್ತ ಅಕೌಂಟೆಂಟ್. ಕಲಬುರಗಿ, ಯಾದಗಿರಿ ಎರಡೂ ಕಡೆ ಅಭ್ಯರ್ಥಿಗಳ ಖರ್ಚಿನ ರಿಜಿಸ್ಟರ್ ಬರೆದಿದ್ದೇನೆ. ಇಲ್ಲಿ ಎರಡು ಕೆಲಸವನ್ನು ಒಂದು ಮಾಡಿ ಮಾತಾಡುತ್ತಿದ್ದೀರಿ. ಹಣ ತರುವುದು ಒಂದು ಕೆಲಸ. ಲೆಕ್ಕ ಬರೆಯುವುದು ಇನ್ನೊಂದು. ಎರಡನೆಯದನ್ನು ಯಾವ ನಾಚಿಕೆಯೂ ಇಲ್ಲದೆ ಮಾಡಬಹುದು.

ನಾಮಪತ್ರ ಹಾಕುವಾಗ ರಿಜಿಸ್ಟರ್ ಕೊಡುತ್ತಾರೆ. ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಚುನಾವಣೆಗೆ ಅಂತಲೇ ಬೇರೆ ಬ್ಯಾಂಕ್ ಖಾತೆ ಬೇಕು. ಒಬ್ಬರಿಗೆ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಡುವಂತಿಲ್ಲ. ಕುರ್ಚಿಗೆ ಎಷ್ಟು, ಚಾಕ್ಕೆ ಎಷ್ಟು ಅಂತ ಜಿಲ್ಲೆಯಲ್ಲಿ ದರಪಟ್ಟಿ ಮಾಡುತ್ತಾರೆ. ನೀವು ಪುಕ್ಕಟೆ ತಂದೆ ಅಂದರೂ ಆ ದರಕ್ಕೇ ಹಿಡಿಯುತ್ತಾರೆ. ಸಭೆಗೆ ವಿಡಿಯೊ ತಂಡ ಬರುತ್ತದೆ. ಚುನಾವಣಾ ಆಯೋಗದ ಕಡೆಯ ಲೆಕ್ಕ ಬೇರೆ ಪುಸ್ತಕದಲ್ಲಿ ಇರುತ್ತದೆ. ಪ್ರಚಾರದ ದಿನಗಳಲ್ಲಿ ಮೂರು ಸಲ ಎರಡನ್ನೂ ತಾಳೆ ನೋಡುತ್ತಾರೆ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಒಪ್ಪಿಸದಿದ್ದರೆ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ವಿಧಾನಸಭೆ ಅಭ್ಯರ್ಥಿಗೆ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. 2022ರಿಂದ ಹೀಗಿದೆ.

ಬಿ.ಕಾಂ. ಹುಡುಗನಿಗೆ ಇದು ಬಾಯಿಪಾಠ ಆಗಲು ಒಂದು ವಾರ ಸಾಕು. ಕಲಿಯಲಿ.

ಎಲ್ಲ ಒಂದೇ
40 ಲಕ್ಷ! ನಗು ಬರುತ್ತೆ ಸರ್. ನಮ್ಮ ಕಡೆ 40 ಲಕ್ಷದಲ್ಲಿ ಎಲೆಕ್ಷನ್ ಮಾಡಿದವನು ಯಾರು, ಒಬ್ಬನನ್ನು ತೋರಿಸಿ.

ಹಳದಿ ಹಾಳೆ
ನಗಬೇಡಿ, ಕೇಳಿ. ಮಿತಿ ಇರುವುದು ಅಭ್ಯರ್ಥಿಗೆ, ಪಕ್ಷಕ್ಕೆ ಇಲ್ಲ. ಪಕ್ಷ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಹಾಕಬೇಕು ಅಂತ 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಸರ್ಕಾರ ಕಾನೂನನ್ನೇ ತಿದ್ದಿ ಆ ತೀರ್ಪು ನಡೆಯದಂತೆ ಮಾಡಿತು. ಅದಕ್ಕೂ ಮುಂಚೆ, 1969ರಲ್ಲಿ, ಕಂಪನಿಗಳು ಪಕ್ಷಕ್ಕೆ ದೇಣಿಗೆ ಕೊಡುವುದನ್ನು ನಿಷೇಧಿಸಿದ್ದರು. 1985ರವರೆಗೂ ಹಾಗೇ ಇತ್ತು. ಚೆಕ್ಕು ಬಂದ್ ಆಯಿತು, ಚುನಾವಣೆ ಬಂದ್ ಆಗಲಿಲ್ಲ. ಸೂಟ್‌ಕೇಸ್ ಹಿಡಿದವನಿಗೆ ಬೆಲೆ ಬಂದದ್ದು ಆಗಲೇ ಅಂತ ನನ್ನ ಲೆಕ್ಕ.

ಗಂಜ್ ಅಡತಿ
ಸೀತಾರಾಮ ಕೇಸರಿ ಕಾಂಗ್ರೆಸ್ ಖಜಾಂಚಿ ಇದ್ದಾಗ ಒಂದು ಮಾತು ಓಡಾಡುತ್ತಿತ್ತು. "ನ ಖಾತಾ ನ ಬಹೀ, ಜೋ ಕೇಸರಿ ಕಹೇ ವಹೀ ಸಹೀ." ಲೆಕ್ಕವೂ ಇಲ್ಲ, ಪುಸ್ತಕವೂ ಇಲ್ಲ, ಕೇಸರಿ ಹೇಳಿದ್ದೇ ಸರಿ ಅಂತ. ಆ ಖಜಾಂಚಿಯೇ 1996ರಲ್ಲಿ ಪಕ್ಷದ ಅಧ್ಯಕ್ಷರಾದರು. ಹಾಗಾಗಿ ಈ ದಾರಿಯಲ್ಲಿ ಮೇಲೆ ಹೋಗುವುದೇ ಇಲ್ಲ ಅಂತ ಹೇಳಬೇಡಿ.

ಬೀದರ್ ಕೋಟೆ
ಅದು ದೆಹಲಿ ಕಥೆ ಕಾಕಾ. ನಮ್ಮ ಕಡೆ ಇಂಥ ಹುಡುಗರಿಗೆ ಸಿಗುತ್ತಿದ್ದ ದೊಡ್ಡ ಬಹುಮಾನ ಅಂದರೆ ತಾಲ್ಲೂಕು ಪಂಚಾಯಿತಿ ಟಿಕೆಟ್, ಜಿಲ್ಲಾ ಪಂಚಾಯಿತಿ ಟಿಕೆಟ್. ಆ ಚುನಾವಣೆ 2016ರಲ್ಲಿ ಆಯಿತು, ಅವಧಿ 2021ಕ್ಕೆ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಮತದಾನವೇ ಆಗಲಿಲ್ಲ. ಹತ್ತು ವರ್ಷ ನಾಯಕರ ಬ್ಯಾಗ್ ಹಿಡಿದವರು ಈಗಲೂ ಬ್ಯಾಗ್ ಹಿಡಿದೇ ನಿಂತಿದ್ದಾರೆ.

ಯಾದಗಿರಿ ಟು ಜೆರ್ಸಿ
ಊರು ಯಾದಗಿರಿ, ಈಗ ಇರುವುದು ನ್ಯೂಜೆರ್ಸಿಯಲ್ಲಿ. ನನ್ನ ಜೊತೆ ಕೆಲಸ ಮಾಡುವವರ ಮಗಳಿಗೆ ಇಲ್ಲಿ ಇದೇ ನೌಕರಿ. ಸಂಸತ್ತಿಗೆ ನಿಂತವರಿಗೆ ದೇಣಿಗೆ ಕೂಡಿಸುವುದು. ದಿನಕ್ಕೆ ಮೂರು ನಾಲ್ಕು ತಾಸು ಅಭ್ಯರ್ಥಿಯನ್ನು ಒಂದು ಕೋಣೆಯಲ್ಲಿ ಕೂರಿಸಿ ಫೋನ್ ಮಾಡಿಸುತ್ತಾಳೆ. ಕೇಳುವುದು ಅಭ್ಯರ್ಥಿಯೇ. ಇವಳು ಪಕ್ಕದಲ್ಲಿ ಕೂತು ಹೆಸರು, ಹಿಂದೆ ಎಷ್ಟು ಕೊಟ್ಟಿದ್ದರು ಅನ್ನುವ ಚೀಟಿ ಮುಂದಿಡುತ್ತಾಳೆ. 2024ರ ಚುನಾವಣೆಗೆ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಪ್ರೈಮರಿಗೆ (ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಚುನಾವಣೆ) 3,300 ಡಾಲರ್, ಆಮೇಲಿನ ಚುನಾವಣೆಗೆ ಮತ್ತೆ 3,300 ಕೊಡಬಹುದಿತ್ತು. 200 ಡಾಲರ್ ದಾಟಿದರೆ ಕೊಟ್ಟವರ ಹೆಸರು, ಉದ್ಯೋಗ ಎಲ್ಲ ಸರ್ಕಾರದ ವೆಬ್‌ಸೈಟಿನಲ್ಲಿ ಬರುತ್ತದೆ. ಇವಳ ಸಂಬಳವೂ ಅಲ್ಲೇ ಕಾಣುತ್ತದೆ.

ಇಲ್ಲಿ ದುಡ್ಡಿನ ಆಟ ಇಲ್ಲ ಅಂತಲ್ಲ, ನಮಗಿಂತ ದೊಡ್ಡದೇ ಇದೆ. ಆದರೆ ಅಭ್ಯರ್ಥಿ ಸೋತಾಗ ಸಾಲ ಉಳಿದರೆ ಅದು ಪ್ರಚಾರ ಸಮಿತಿಯ ಹೆಸರಿನಲ್ಲಿ ಇರುತ್ತದೆ. ಆ ಹುಡುಗಿ ಹೆಸರಿನಲ್ಲಿ ಇರುವುದಿಲ್ಲ.

ಮಾವಿನ ತೋರಣ
ಸುಮ್ನೆ ಓದಿ ಹೋಗೋಣ ಅಂತ ಬಂದಿದ್ದೆ. ಈ ಕೊನೆ ಸಾಲು ಓದಿ ಬರೆಯಬೇಕು ಅನ್ನಿಸಿತು.

ನನ್ನದು ಶಾಮಿಯಾನ, ಕುರ್ಚಿ, ಮೈಕ್‌ಸೆಟ್ ಬಾಡಿಗೆ ಕೊಡುವ ಅಂಗಡಿ. ಊರು ಬೇಡ. ಒಂದು ಚುನಾವಣೆಯಲ್ಲಿ ಒಬ್ಬರಿಗೆ ಹನ್ನೊಂದು ಸಭೆಗೆ ಸಾಮಾನು ಕೊಟ್ಟೆ. ಮಾತಾಡಿದ್ದೆಲ್ಲ ಅವರ ಹುಡುಗ. ಒಳ್ಳೆಯವನು. ಅಡ್ವಾನ್ಸ್ ಕೊಟ್ಟ, ಕೆಲಸದವರಿಗೆ ಊಟ ಹಾಕಿಸಿದ. ಉಳಿದದ್ದು ಫಲಿತಾಂಶ ಆದ ಮೇಲೆ ಅಂದ. ನಾಯಕರು ಸೋತರು. ಮರುದಿನದಿಂದ ಅವರ ಫೋನ್ ಸ್ವಿಚ್ ಆಫ್.

ನಾನು ಎಲ್ಲಿಗೆ ಹೋಗಲಿ? ಹುಡುಗನ ಮನೆಗೆ ಹೋದೆ. ತಾಯಿ ಬಾಗಿಲು ತೆಗೆದರು. ನಾನು ಯಾರು ಅಂತಾನೂ ಕೇಳಲಿಲ್ಲ. "ಕೂಡ್ರಪ್ಪ, ಬರ್ತಾನೆ" ಅಂದರು. ಕಟ್ಟೆ ಮೇಲೆ ಆಗಲೇ ಮೂರು ಜನ ಕೂತಿದ್ದರು. ಒಬ್ಬ ಜೀಪಿನವನು, ಒಬ್ಬ ಅಡುಗೆಯವನು, ಒಬ್ಬ ಫ್ಲೆಕ್ಸ್ ಅಂಗಡಿಯವನು. ನಾಲ್ಕೂ ಜನಕ್ಕೆ ಚಾ ಕೊಟ್ಟರು. ಚಾ ಕುಡಿಯಲು ನಾಚಿಕೆ ಆಯಿತು, ಎದ್ದು ಬರಲು ಮನಸ್ಸು ಆಗಲಿಲ್ಲ. ಹುಡುಗ ಎಂಟು ತಿಂಗಳು ತೀರಿಸಿದ. ಬೈಕ್ ಮಾರಿದ. ನನಗೆ ಮುಕ್ಕಾಲು ಭಾಗ ಬಂತು. ಉಳಿದ ಕಾಲು ನಾನೇ ಬಿಟ್ಟೆ.

ಹಳದಿ ಹಾಳೆ
ತಪ್ಪು ತಿಳಿಯಬೇಡಿ, ಒಂದು ಪ್ರಶ್ನೆ. ಆ ಬಿಲ್ಲು ರಿಜಿಸ್ಟರಿನಲ್ಲಿ ಇತ್ತಾ?

ಮಾವಿನ ತೋರಣ
ಅರ್ಧ ಇತ್ತು ಸರ್. ನಾಮಪತ್ರಕ್ಕೆ ಮುಂಚಿನ ನಾಲ್ಕು ಸಭೆ ಇರಲಿಲ್ಲ. ಉಳಿದ ಏಳರಲ್ಲೂ ಕುರ್ಚಿ ಕಡಿಮೆ ಬರೆಸಿದರು. "ಬಿಲ್ ಸಣ್ಣದು ಕೊಡು, ರೊಕ್ಕ ಪೂರ್ತಿ ಕೊಡ್ತೀನಿ" ಅಂದಿದ್ದ. ನಾನೇ ಸಹಿ ಹಾಕಿ ಕೊಟ್ಟೆ.

ಹಳದಿ ಹಾಳೆ
ಆಯಿತಲ್ಲ. ಕಾಗದದ ಮೇಲೆ ನಿಮ್ಮ ಬಾಕಿ ಇಲ್ಲವೇ ಇಲ್ಲ. ನಾಯಕರ ಮೇಲೆ ಕೇಸ್ ಹಾಕಿದರೆ ನಿಮ್ಮ ಸಹಿಯೇ ನಿಮಗೆ ತಿರುಗಿ ಬೀಳುತ್ತದೆ. ರಿಜಿಸ್ಟರಿಗೂ ನಿಜವಾದ ಖರ್ಚಿಗೂ ನಡುವೆ ಎಷ್ಟು ಅಂತರ ಇದೆಯೋ ಅಷ್ಟೂ ನಿಂತಿರುವುದು ಆ ಹುಡುಗನ ಬಾಯಿಮಾತಿನ ಮೇಲೆ. ನಾಯಕರದ್ದು ಒಂದು ಸಹಿಯೂ ಇರುವುದಿಲ್ಲ.

ಎರಡು ಕೆಲಸ ಬೇರೆ ಬೇರೆ ಅಂತ ಮೇಲೆ ದೊಡ್ಡದಾಗಿ ಬರೆದೆ. ಬೇರೆ ಹೌದು. ಆದರೆ ಒಬ್ಬನೇ ಹುಡುಗನಿಗೆ ಎರಡನ್ನೂ ಕೊಟ್ಟರೆ ಏನಾಗುತ್ತದೆ ಅಂತ ನಾನು ಬರೆಯಲಿಲ್ಲ. ಬರೆಯಬೇಕಿತ್ತು.

ಎಲ್ಲ ಒಂದೇ
ನಾನು ಮೊದಲೇ ಹೇಳಲಿಲ್ವಾ?

ಬೀದರ್ ಕೋಟೆ
ನೀವು ಹೇಳಿದ್ದು ಎಲ್ಲರೂ ಕಳ್ಳರು ಅಂತ. ಈ ಕಥೆಯಲ್ಲಿ ಬೈಕ್ ಮಾರಿದವನು ಕಳ್ಳನಾ?

ಎಲ್ಲ ಒಂದೇ
ಕಳ್ಳ ಅಲ್ಲ ಮೇಡಂ. ಆದರೆ ಸಣ್ಣ ಬಿಲ್ ಬರೆಸಿದ್ದು ಅವನೇ ಅಲ್ವಾ? ಒಳ್ಳೆಯವನು ಅಂತ ಅದು ಅಳಿಸಿ ಹೋಗಲ್ಲ.

ಗಂಜ್ ಅಡತಿ
ಈ ಸಲ ತಮ್ಮನ ಮಾತಿಗೆ ನನ್ನದೂ ಒಂದು ವೋಟು.

ಇನ್ನೊಂದು ಮಾತು. 2008ರಲ್ಲಿ ಜೇವರ್ಗಿಯಲ್ಲಿ ಧರ್ಮಸಿಂಗ್ ಸೋತದ್ದು 70 ವೋಟಿಗೆ. ಮುಖ್ಯಮಂತ್ರಿ ಆಗಿದ್ದವರು! ಅವರು ಮರುವರ್ಷವೇ ಬೀದರಿನಿಂದ ಲೋಕಸಭೆಗೆ ಗೆದ್ದರು. ದೊಡ್ಡವರಿಗೆ ಇನ್ನೊಂದು ಕ್ಷೇತ್ರ ಸಿಗುತ್ತದೆ. ಯಾರದೇ ಆಗಲಿ, ಹಿಂದೆ ಓಡಾಡುವ ಹುಡುಗನಿಗೆ ಇರುವುದು ಒಂದೇ ಊರು, ಒಂದೇ ಗಂಜ್.

ಯಾದಗಿರಿ ಟು ಜೆರ್ಸಿ
ಚೆಕ್ಕು, ಯುಪಿಐ ಮೇಲೆ ತಗೊಂಡು ರಸೀದಿ ಕೊಟ್ಟರೆ ಆಗಲ್ವಾ? ಪಕ್ಷಕ್ಕೆ ಒಬ್ಬರಿಂದ 2,000ಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ ಅಂತ 2017ರಲ್ಲೇ ಆಯಿತಲ್ಲ. ಬ್ಯಾಂಕ್ ಮೂಲಕ ಪಕ್ಷಕ್ಕೆ ಕೊಟ್ಟರೆ ಹಳೇ ತೆರಿಗೆ ಪದ್ಧತಿಯಲ್ಲಿ ವಿನಾಯಿತಿಯೂ ಇದೆ.

ಗಂಜ್ ಅಡತಿ
ಆಗುತ್ತದೆ ರೀ, ಯಾಕೆ ಆಗಲ್ಲ. ಆದರೆ 20,000 ದಾಟಿದರೆ ಪಕ್ಷ ನನ್ನ ಹೆಸರು ಆಯೋಗಕ್ಕೆ ಕೊಡಬೇಕು. ನಾಳೆ ಆ ಕಡೆಯವರು ಗೆದ್ದರೆ ಲೈಸನ್ಸ್ ರಿನ್ಯೂ ಮಾಡಿಸಲು ನಾನು ಯಾವ ಮುಖ ಹೊತ್ತು ಹೋಗಲಿ? ನಾವು ಎರಡೂ ಕಡೆ ಕೊಡುವವರು. ಎಲ್ಲರ ತಪ್ಪೂ ಹೇಳಿದ ಮೇಲೆ ನನ್ನದೂ ಹೇಳಿಬಿಡುತ್ತೇನೆ. ಆ ಹುಡುಗನನ್ನು ನಡುವೆ ನಿಲ್ಲಿಸಿದ್ದು ನಾಯಕ ಒಬ್ಬನೇ ಅಲ್ಲ.

ಅಕ್ಕನ ಮಗ
ನಾನೇ ಆ ಹುಡುಗ. ಮಾವ ಲಿಂಕ್ ಕಳಿಸಿದರು. ಎಲ್ಲ ಓದಿದೆ, ಮಾವಿನ ತೋರಣ ಅವರು ಬರೆದದ್ದು ಎರಡು ಸಲ.

ನಿನ್ನೆ ನಾಯಕರ ಹತ್ತಿರ ಹೋಗಿ ಎರಡು ಮಾತು ಕೇಳಿದೆ. ತಿಂಗಳ ಸಂಬಳಕ್ಕೆ ಒಂದು ಪತ್ರ ಬೇಕು. ಲೆಕ್ಕ ನಾನು ಬರೆಯುವುದಾದರೆ ದೇಣಿಗೆ ಬೇರೆಯವರು ತರಲಿ. ಅವರು ಬೈಯಲಿಲ್ಲ, ನಕ್ಕರು. "ಹುಷಾರ್ ಇದ್ದೀ" ಅಂದರು. ಪತ್ರದ ಮಾತು ಎತ್ತಲಿಲ್ಲ. ಚಾ ತರಿಸಿದರು. ಹದಿನೈದು ದಿನ ಬಿಟ್ಟು ಬಾ ಅಂದಿದ್ದಾರೆ.

ನನಗೆ ಈ ಕೆಲಸ ಇಷ್ಟ, ಸುಳ್ಳು ಹೇಳಲ್ಲ. ಮಿಲ್ಲಿನಲ್ಲಿ ದಿನವೂ ಒಂದೇ. ಅವರ ಆಫೀಸಿನಲ್ಲಿ ಎರಡು ತಾಸು ಕೂತರೆ ಅರ್ಧ ಜಿಲ್ಲೆ ಕಣ್ಣ ಮುಂದೆ ಹಾದು ಹೋಗುತ್ತದೆ. ಪಿಂಚಣಿ ನಿಂತ ಅಜ್ಜಿ, ಹಾಸ್ಟೆಲ್ ಸೀಟಿನ ಹುಡುಗ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋದ ರೈತ. ಎರಡು ಫೋನಿನಲ್ಲಿ ಕೆಲಸ ಆಗುವುದನ್ನೂ ನೋಡಿದ್ದೇನೆ. ಅದಕ್ಕೇ ಮನಸ್ಸು ಎಳೆಯುತ್ತದೆ, ದುಡ್ಡಿಗಲ್ಲ.

ಹಳದಿ ಹಾಳೆ ಸರ್, ನಿಮ್ಮ ಹತ್ತಿರ ಹಳೇ ರಿಜಿಸ್ಟರಿನ ಪ್ರತಿ ಇದ್ದರೆ ನೋಡಬಹುದಾ?

ಹಳದಿ ಹಾಳೆ
ಭಾನುವಾರ ಹನ್ನೊಂದಕ್ಕೆ ಬಾ. ವಿಳಾಸ ಮೆಸೇಜ್ ಮಾಡುತ್ತೇನೆ. ಗುಲಾಬಿ ಹಾಳೆಯಿಂದ ಶುರು ಮಾಡೋಣ, ಎಲ್ಲರೂ ಎಡವುವುದು ಅಲ್ಲೇ.

ಗಂಜ್ ಅಡತಿ
ಅದೆಲ್ಲ ಸರಿ. ನಿಮ್ಮ ಅಪ್ಪ ಊಟ ಮಾಡಿದರಾ?

ಅಕ್ಕನ ಮಗ
ಮಾಡಿದರು ಕಾಕಾ. ಮಾತು ಮಾತ್ರ ಇನ್ನೂ ಆಡುತ್ತಿಲ್ಲ.